ಪರಶಣ್ಣನ ಪಾಲು

ಉಮಾ ಹುಟ್ಟಿದ ವರ್ಷ ನನ್ನ ಮಗ ಕಳಕಪ್ಪ ಹಿತ್ತಲ ಬೇವಿನ ಗಿಡಕ್ಕೆ ಸೀರೆಯ ತೊಟ್ಟಿಲು ಕಟ್ಟಿದ್ದ. ಆಮೇಲೆ ಅದೇ ಟೊಂಗೆಗೆ ಪಂಚಮಿಯ ಜೋಕಾಲಿ ಬಂತು. ನಮ್ಮ ಪುರ್ತಗೇರಿಯಲ್ಲಿ ಬೇವಿನ ಗಿಡಗಳಿಗೆ ಬರವಿಲ್ಲ, ಆದರೆ ಅಷ್ಟು ಎತ್ತರದ ಟೊಂಗೆ ಬೇರೆ ಯಾರ ಹಿತ್ತಲಲ್ಲೂ ಇರಲಿಲ್ಲ. ಜೋಕಾಲಿ ಪೂರ್ತಿ ಮೇಲೇರಿದಾಗ ನಮ್ಮ ಮಾಳಿಗೆ ದಾಟಿ ಗಜೇಂದ್ರಗಡದ ರಸ್ತೆ ಕಾಣುತ್ತದೆ. ಅದರಾಚೆ ಗುಡ್ಡದ ಮೇಲೆ ಗಾಳಿಯ ಫ್ಯಾನುಗಳು ತಿರುಗುವುದೂ ಕಾಣುತ್ತದೆಯಂತೆ. ನಾನು ಅಷ್ಟು ಎತ್ತರ ಏರಿದವಳಲ್ಲ. ಅದನ್ನೆಲ್ಲ ನನಗೆ ಹೇಳಿದವಳು ನನ್ನ ಮೊಮ್ಮಗಳು ಉಮಾ.

ಲಂಗ ಸಿಕ್ಕಿಸಿಕೊಂಡು ಹಲಗೆಯ ಮೇಲೆ ನಿಂತೇ ಜೀಕುತ್ತಿದ್ದಳು. ಓಣಿಯ ಹೆಂಗಸರು ಗೋಡೆಯ ಆಚೆಯಿಂದ, "ಗಾಳೆವ್ವಾ, ನಿನ್ನ ಮೊಮ್ಮಗಳು ಹಕ್ಕಿ ಹೊಟ್ಟ್ಯಾಗ ಹುಟ್ಟ್ಯಾಳೇನ?" ಅನ್ನುತ್ತಿದ್ದರು. ಕೆಳಗೆ ನಿಂತು ನೂಕುವವನು ಅವಳ ಅಣ್ಣ ಪರಶು. ಅವಳಿಗಿಂತ ಐದು ವರ್ಷ ದೊಡ್ಡವನು.

"ಇನ್ನಾ ಜೋರ ನೂಕೋ!"

"ಇಳೀಲೇ ಸಾಕ. ನನ್ನ ರಟ್ಟಿ ಬಿದ್ದಾವು."

"ಬಿದ್ದರ ಆರಿಸ್ಕೋ. ಮೊದಲ ನೂಕು!"

ಪರಶು ಸಾಲಿ ಬಿಟ್ಟು ಮಂಗಳೂರ ಕಡೆ ಸೆಂಟ್ರಿಂಗ್ ಕೆಲಸಕ್ಕೆ ಹೋದ ಮೇಲೆ ಹಬ್ಬಕ್ಕೆ ಬರುವ ದಿನ ಈ ಹುಡುಗಿ ಜೋಕಾಲಿ ಬಿಟ್ಟು ಇಳಿಯುತ್ತಲೇ ಇರಲಿಲ್ಲ. ಮೇಲೆ ಹೋದಾಗೊಮ್ಮೆ ರಸ್ತೆ ನೋಡುವುದು, ಕೆಳಗೆ ಬಂದಾಗ ನಮಗೆ ಸುದ್ದಿ ಹೇಳುವುದು. "ಬಸ್ಸ ಬಂತು! ಆಯೀ, ಪರಶಣ್ಣ ಇಳದಾ! ಕೆಂಪ ಚೀಲಾ ಐತಿ!" ನನ್ನ ಯಜಮಾನರು ಆಗ ಇದ್ದರು. "ಗಡದಾಗ ಬುರುಜ ಐತಿ, ನಮ್ಮ ಮನ್ಯಾಗ ಉಮಿ ಅದಾಳ" ಎಂದು ನಗುತ್ತಿದ್ದರು.

ಉಮಾಳನ್ನು ಶಿರೋಳಕ್ಕೆ ಕೊಟ್ಟೆವು. ನಮ್ಮಿಂದ ರೋಣ, ಅಲ್ಲಿಂದ ನರಗುಂದ, ಅಲ್ಲಿಂದ ಶಿರೋಳ. ಕಾಲಿಟ್ಟರೆ ಚಪ್ಪಲಿ ಕಿತ್ತುಕೊಳ್ಳುವ ಎರೆಹೊಲದ ಊರು. ಅಳಿಯ ದ್ಯಾಮಣ್ಣ ಮಂದಿಯ ಟ್ರ್ಯಾಕ್ಟರ್ ಹೊಡೆಯುತ್ತಾನೆ, ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ಅವನ ತಾಯಿ ರೇಣುಕವ್ವನೇ ಆಡಿ ಮುಗಿಸುತ್ತಾಳೆ. ಬಾಯಿ ಖಾರ, ಕೈ ಧಾರಾಳ.

ನಮ್ಮ ಕಡೆ ಪಂಚಮಿಗೆ ಹೆಣ್ಣುಮಗಳು ತಾನಾಗಿ ತವರಿಗೆ ಬರುವುದಿಲ್ಲ. ತವರಿನಿಂದ ಯಾರಾದರೂ ಹೋಗಿ ಕರೆಯಬೇಕು. ಈಗ ಬಸ್ಸಿಗೆ ಹೆಂಗಸರಿಗೆ ರೊಕ್ಕ ಬೇಕಿಲ್ಲ, ಹತ್ತಿ ಬಂದರೆ ಬೇಡ ಅನ್ನುವವರೂ ಯಾರಿಲ್ಲ. ಆದರೂ ಕರೆಯದೆ ಬಂದವಳಿಗೆ ತವರು ಇದ್ದೂ ಇಲ್ಲದಂತೆ. ಕರೆಯುವ ಕೆಲಸ ಅಣ್ಣತಮ್ಮಂದಿರದು. ಪರಶು ಪ್ರತಿ ಶ್ರಾವಣದಲ್ಲಿ ಊರಿಗೆ ಬಂದವನೇ ಗೆಳೆಯ ಜಾವೀದನ ಬೈಕು ಇಸಿದುಕೊಂಡು, ತನ್ನವ್ವ ಕಟ್ಟಿಕೊಟ್ಟ ಶೇಂಗಾ ಉಂಡಿಯ ಡಬ್ಬಿ ತೊಡೆಗಳ ನಡುವೆ ಇಟ್ಟುಕೊಂಡು ಶಿರೋಳಕ್ಕೆ ಹೋಗುತ್ತಿದ್ದ. ಬಾಗಿಲಿಗೆ ಹೋಗುತ್ತಿರಲಿಲ್ಲ. ಬೈಕಿನ ಮೇಲೆ ಕೂತೇ ಓಣಿಗೆಲ್ಲ ಕೇಳುವ ಹಾಗೆ ಒದರುತ್ತಿದ್ದ: "ಉಮೀ, ಹೊಂಡ! ಜೋಕಾಲಿ ಕಾಯಾಕತ್ತೈತಿ!"

ಒಳಗಿನಿಂದ ರೇಣುಕವ್ವ, "ಒಳಗ ಬಂದು ಚಾ ಕುಡದ ಒದರೋ ಕ್ವಾಣಾ! ನಾವೇನ ನಿನ್ನ ತಂಗೀನ ಕಟ್ಟಿ ಹಾಕೀವೇನ?" ಅನ್ನುತ್ತಿದ್ದಳು. ಚಹಾ ಕುಡಿಯುವಷ್ಟರಲ್ಲಿ ಉಮಾ ಚೀಲ ಹಿಡಿದು ಬೈಕಿನ ಹತ್ತಿರ ನಿಂತಿರುತ್ತಿದ್ದಳು. ಚೀಲವನ್ನು ಹಿಂದಿನ ದಿನವೇ ತುಂಬಿ ಇಟ್ಟಿರುತ್ತಿದ್ದಳು.

ಹೋದ ವರ್ಷದ ಹಿಂದಿನ ವರ್ಷ, ಪಂಚಮಿ ಮುಗಿದು ಹೆಸರು ಒಕ್ಕುವ ಕಾಲದಲ್ಲಿ ಪರಶು ಹೋದ. ಇಪ್ಪತ್ತೆಂಟು ವಯಸ್ಸು. ಒಂದು ದಿನ ಜಡ್ಡೆಂದು ಮಲಗಿದ ಹುಡುಗನಲ್ಲ. ಜಾವೀದನ ಟೆಂಪೊದಲ್ಲಿ ಹೆಸರಿನ ಚೀಲ ಹೇರಿಕೊಂಡು ಗದಗಿನ ಮಾರ್ಕೆಟ್ಟಿಗೆ ಹೊರಟಿದ್ದರು. ನರೇಗಲ್ಲಿನ ಹತ್ತಿರ, "ಎದಿ ಹಿಡದಂಗ ಆಗೈತಲೇ ಜಾವೀದ, ಗ್ಯಾಸ್ ಇರಬೇಕು, ಸೋಡಾ ಕುಡದ ಹೋಗೂಣು" ಅಂದನಂತೆ. ಜಾವೀದ ಸೋಡಾ ತಂದು ನೋಡಿದಾಗ ಅವನು ಟೆಂಪೊದ ಕಿಟಕಿಯ ಗಾಜಿಗೆ ತಲೆ ಆನಿಸಿ ಕೂತಿದ್ದ. ದವಾಖಾನಿಗೆ ಒಯ್ಯುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ಹಾರ್ಟು ಅಂದರು. ಇಪ್ಪತ್ತೆಂಟರ ಹುಡುಗನಿಗೆ ಎಂಥ ಹಾರ್ಟು ಎಂದು ನಾನು ಎಷ್ಟು ಮಂದಿಯನ್ನು ಕೇಳಿದೆನೋ.

ಅವತ್ತಿನಿಂದ ಊರಿನ ಹುಡುಗರೆಲ್ಲ ಎದೆ ಮುಟ್ಟಿಕೊಂಡು ಓಡಾಡತೊಡಗಿದರು. ಮೊಬೈಲ್ ತೆಗೆದರೂ ಅದೇ ಸುದ್ದಿ, ಕಟ್ಟೆಯ ಮೇಲೆ ಕೂತರೂ ಅದೇ ಮಾತು. ಮಿರ್ಚಿ ತಿಂದು ಎದೆ ಉರಿದರೂ ಗಜೇಂದ್ರಗಡದ ದವಾಖಾನಿಗೆ ಓಡುವರು. ಜಾವೀದ ಎದೆಯ ಇಸಿಜಿ ಪಟ್ಟಿ ತೆಗೆಸಿ, ಡಾಕ್ಟರು ಏನೂ ಇಲ್ಲವೆಂದರೂ ಕೇಳದೆ ಗದಗಿಗೆ ಹೋಗಿ ಮತ್ತೊಮ್ಮೆ ತೆಗೆಸಿದ. ಅವರವ್ವ ಕೊರಳಿಗೆ ತಾಯತ ಕಟ್ಟಿದಳು. ಚೀಲ ಎತ್ತುವುದನ್ನು ಬಿಟ್ಟು ಹಮಾಲರನ್ನು ಇಟ್ಟುಕೊಂಡ.

ಉಮಾಳ ನೋವು ದಿನಕರ್ಮ ಮುಗಿಸಿ ಶಿರೋಳಕ್ಕೆ ತಿರುಗಿ ಹೋದ ಮೇಲೆ ಶುರುವಾಯಿತು. ಎಡಗಡೆ, ಎದೆಯ ಗೂಡಿನ ಮೇಲೆ. ಯಾರೋ ಹೆಬ್ಬೆರಳಿಟ್ಟು ಒತ್ತಿದ ಹಾಗೆ ಅನ್ನುತ್ತಿದ್ದಳು. ರೊಟ್ಟಿ ಬಡಿಯುವಾಗ ಬರುತ್ತಿತ್ತು, ಹತ್ತಿ ಬಿಡಿಸುವಾಗ ಬರುತ್ತಿತ್ತು, ಕೆಲವೊಮ್ಮೆ ಸುಮ್ಮನೆ ಕೂತಾಗ. ಬಂದರೆ ಮುಖ ಬೆಳ್ಳಗಾಗಿ, ಹಿಟ್ಟಿನ ಕೈಯಿಂದಲೇ ಎದೆ ಹಿಡಿದು ಗೋಡೆಗೆ ಒರಗುತ್ತಿದ್ದಳು. ಅವಳ ಕುಪ್ಪಸಗಳಿಗೆಲ್ಲ ಎಡಗಡೆ ಜೋಳದ ಹಿಟ್ಟಿನ ಗುರುತು.

ರೇಣುಕವ್ವ ಮೊದಲು ದೃಷ್ಟಿ ತೆಗೆದಳು. ಆಮೇಲೆ ಹೊಟ್ಟೆಯ ನರದ ಬಟ್ಟಿ ಜಾರಿದೆಯೆಂದು ಹೊಕ್ಕಳ ಮೇಲೆ ದೀಪವಿಟ್ಟು ತಂಬಿಗೆ ಬೋರಲು ಹಾಕಿದಳು. ಅದು ಹೊಟ್ಟೆನೋವಿನ ಮದ್ದು, ಎದೆಗಲ್ಲ. ಹೆದರಿದವರಿಗೆ ಅದೆಲ್ಲ ಎಲ್ಲಿ ತಿಳಿಯುತ್ತದೆ! ಕಡೆಗೆ ದ್ಯಾಮಣ್ಣ ನರಗುಂದಕ್ಕೆ, ಅಲ್ಲಿಂದ ಗದಗಿಗೆ ಕರೆದೊಯ್ದ. ನಾನೂ ಕಳಕಪ್ಪನೂ ಗದಗಿಗೆ ಹೋಗಿದ್ದೆವು. ಪಟ್ಟಿ ತೆಗೆದರು, ರಕ್ತ ನೋಡಿದರು, ಟಿವಿಯಂಥದ್ದರಲ್ಲಿ ಎದೆ ಬಡಿಯುವುದನ್ನೇ ತೋರಿಸಿದರು. "ಆಯೀ, ನನ್ನ ಎದಿ ನಾನ ನೋಡಿದೆ. ಸಣ್ಣ ಸಣ್ಣ ಬಾಗಲಾ ತೆಗದು ಹಾಕಿ ಮಾಡಾಕತ್ತಿತ್ತು" ಎಂದು ಹೊರಗೆ ಬಂದು ಹೇಳಿದಳು.

ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. "ಹೃದಯ ಚಲೋ ಐತಿ. ನೋವು ಸುಳ್ಳಂತ ನಾ ಹೇಳೂದಿಲ್ಲ, ಖರೇನ ಐತಿ. ಆದ್ರ ಅದು ಹೃದಯದ್ದಲ್ಲ. ಮನಸ್ಸಿಗೆ ಭಾಳ ಹಚ್ಚಿಕೊಂಡಾಗ ಹಿಂಗೂ ಆಗತೈತಿ" ಅಂದಳು.

ಉಮಾ ತಲೆ ಎತ್ತಲಿಲ್ಲ. "ನಮ್ಮ ಅಣ್ಣಗೂ ಏನೂ ಇದ್ದಿದ್ದಿಲ್ಲರೀ."

"ಅವರ ಎದಿ ಯಾರೂ ನೋಡಿದ್ದಿಲ್ಲ ತಂಗಿ. ನಿಮ್ಮದು ನಾ ನೋಡೀನಲ್ಲ?"

ಉಮಾ ಹೌದೆಂದು ಗೋಣು ಹಾಕಿದಳು. ನಂಬಿರಲಿಲ್ಲ. ಅವಳಪ್ಪನೂ ನಂಬಿರಲಿಲ್ಲ. ಅಷ್ಟೆಲ್ಲ ಮಾತಿನಲ್ಲಿ ಕಳಕಪ್ಪನ ಕಿವಿಗೆ ಬಿದ್ದದ್ದು ಒಂದೇ, ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ ಅನ್ನುವುದು. ಊರಿಗೆ ಬಂದವನೇ ಪರಶುವಿನ ಫೋಟೊ ತೆಗೆದು ಅಟ್ಟಕ್ಕೆ ಹಾಕಿದ. ಉಮಾಳ ಮುಂದೆ ಯಾರೂ ಅವನ ಹೆಸರು ಎತ್ತಬಾರದೆಂದು ನಮಗೆ ಹೇಳಿದ, ಶಿರೋಳದವರಿಗೂ ಹೇಳಿದ. ಅಲ್ಲಿಂದ ಮುಂದೆ ಫೋನಿನಲ್ಲಿ ನಾವು ಆಡಿದ್ದೆಲ್ಲ ಮಳೆಯ ಮಾತು, ಎಮ್ಮೆಯ ಮಾತು. "ಎಮ್ಮಿ ಈತೇನ?" "ಈತು." "ಏನ ಹಾಕೇತಿ?" "ಹೆಣ್ಣಗರ." ಆಮೇಲೆ ಫೋನು ಇಡುವುದು. ನನ್ನ ಸೊಸೆ, ಪರಶುವಿನ ತಾಯಿ, ಅಳುವುದಿದ್ದರೆ ಹೊಲದ ಬದುವಿಗೆ ಹೋಗಿ ಅತ್ತು ಬರುತ್ತಿದ್ದಳು.

ಹೋದ ವರ್ಷದ ಪಂಚಮಿಗೆ ಮನೆಯಲ್ಲಿ ಸಾವಾಗಿ ವರ್ಷ ತುಂಬಿರಲಿಲ್ಲ, ಹಬ್ಬವಿರಲಿಲ್ಲ. ಈ ಸಲ ಹಬ್ಬ ಮಾಡಲು ಅಡ್ಡಿಯಿರಲಿಲ್ಲ. ಆದರೂ ಶ್ರಾವಣ ಬರುತ್ತಿದ್ದಂತೆ ಕಳಕಪ್ಪ, "ಉಮೀನ ಕರಿಯೂದ ಬ್ಯಾಡ" ಅಂದ.

"ಯಾಕಪಾ?"

"ಇಲ್ಲಿ ಬಂದು ಆ ಗಿಡಾ ನೋಡಿ ಎದಿ ಒಡಕೊಂಡ್ರ ಏನ ಮಾಡ್ತಿ ಯವ್ವಾ? ಒಂದ ಹೋತು. ಇರೂದನ್ನರ ಉಳಿಸ್ಕೊಳ್ಳೂಣು."

ಅವನು ಹೇಳಿದ್ದು ಪ್ರೀತಿಗೇ. ನಾನೂ ಅದನ್ನೇ ಸರಿ ಅಂದುಕೊಂಡೆ.

ಪಂಚಮಿಗೆ ಮುಂಚಿನ ರೊಟ್ಟಿ ಹಬ್ಬ ಹತ್ತಿರ ಬಂದಾಗ ರೇಣುಕವ್ವನ ಫೋನು ಬಂತು.

"ಯಕ್ಕಾ, ನಿಮ್ಮೂರಿಗೆ ಬಸ್ಸ ಬಂದ್ ಆಗ್ಯಾವೇನ?"

"ಇಲ್ಲವಾ, ಅದಾವಲ್ಲ."

"ಮತ್ತ ಬರಾಕ ಏನ ಧಾಡಿ ನಿಮಗ? ಎಲ್ಲಾರೂ ಬಳಿ ತೊಡಿಸ್ಕೊಂಡು ಕುಂತೀರೇನ?"

ನಾನು ಕಳಕಪ್ಪ ಹೇಳಿದ್ದನ್ನು ಹೇಳಿದೆ. ಎದೆ ಒಡೆದರೆ ಏನು ಗತಿ ಎಂದೆ. ರೇಣುಕವ್ವ ದನಿ ತಗ್ಗಿಸಿ, "ಇಲ್ಲೇನ ಒಡದಿಲ್ಲಂತ ತಿಳದೀರೇನ ಯಕ್ಕಾ?" ಅಂದಳು. "ಹ್ವಾದ ವರ್ಷ ಹಬ್ಬ ಇಲ್ಲಂತ ಅಕೀಗೂ ಗೊತ್ತಿತ್ತು. ಆದ್ರೂ ಚೀಲಾ ತುಂಬಿ ಬಾಗಲ ಹಿಂದ ಇಟ್ಟಳು. ಹಬ್ಬ ಮುಗಿದ ಮ್ಯಾಲ ಒಂದೊಂದ ಸೀರಿ ತೆಗದು ಟ್ರಂಕಿನ್ಯಾಗ ಮಡಚಿ ಇಟ್ಟಳು. ನಾ ಕಂಡೂ ಕಾಣದಂಗ ಅಡ್ಡಾಡಿದೆ. ಈ ವರ್ಷನೂ ತುಂಬ್ಯಾಳ. ಓಣ್ಯಾಗ ಯಾವ ಗಾಡಿ ನಿಂತರೂ ರೊಟ್ಟಿ ಬಡಿಯೂ ಕೈ ನಿಲ್ಲತೈತಿ. ಆ ಚೀಲಾ ನನ್ನ ಕೈಲೆ ನೋಡಾಕ ಆಗೂದಿಲ್ಲ. ಯಾರರ ಬರ್ರಿ."

ಸಂಜೆ ಕಳಕಪ್ಪನಿಗೆ ಹೇಳಿದೆ. ಅವನು ಎಮ್ಮೆಗೆ ಮೇವು ಹಾಕುತ್ತಿದ್ದವನು ತಿರುಗಲಿಲ್ಲ.

"ಕರಿಯಾಕ ಗಂಡಮಕ್ಕಳು ಹೋಗಬೇಕು. ಇದ್ದಾಂವ ಎಲ್ಲಿ ಅದಾನ?"

"ನೀ ಅದೀಯಲ್ಲ."

"ಆ ಮನೀ ಮುಂದ ಅಂವನ ಜಾಗಾದಾಗ ನನ್ನ ಕೈಲೆ ನಿಲ್ಲಾಕ ಆಗೂದಿಲ್ಲ ಯವ್ವಾ" ಎಂದು ಮೇವಿನ ಕಂತೆಯನ್ನು ಅಲ್ಲೇ ಬಿಟ್ಟು ಹೊರಗೆ ಹೋದ.

ಮರುದಿನ ಬೆಳಿಗ್ಗೆ ನಾನೇ ಹೊರಟೆ. ಸೊಸೆ ಶೇಂಗಾ ಉಂಡಿಯ ಡಬ್ಬಿ ತಂದು ನನ್ನ ಚೀಲದಲ್ಲಿಟ್ಟಳು. ಯಾವಾಗ ಕಟ್ಟಿದ್ದಳೋ, ಡಬ್ಬಿ ಇನ್ನೂ ಬೆಚ್ಚಗಿತ್ತು.

ರೋಣದಿಂದ ಹತ್ತಿದ ಬಸ್ಸಿನಲ್ಲಿ ಕಂಡಕ್ಟರು ಆಧಾರ್ ಕಾರ್ಡು ನೋಡಿ, "ಶಿರೋಳಕ್ಕ ಏನ ಕೆಲಸ ತೆಗದ್ರಿ ಅಮ್ಮಾ?" ಅಂದ.

"ಮೊಮ್ಮಗಳನ್ನ ಪಂಚಮಿಗೆ ಕರಿಯಾಕ ಹೊಂಟೀನಪಾ."

"ಹಲ್ಲಿಲ್ಲದ ಅಣ್ಣನ್ನ ಇವತ್ತ ನೋಡಿದೆ ಬಿಡ್ರಿ!"

ಬಸ್ಸೆಲ್ಲ ನಕ್ಕಿತು, ನಾನೂ ನಕ್ಕೆ. ಕಿಟಕಿಯ ಹೊರಗೆ ಬೈಕುಗಳು ಹೋಗುತ್ತಿದ್ದವು. ಮುಂದೆ ತಮ್ಮನೋ ಅಣ್ಣನೋ, ಹಿಂದೆ ಹೊಸ ಬಳೆಯ ಹೆಣ್ಣುಮಗಳು, ತೊಡೆಯ ಮೇಲೆ ಡಬ್ಬಿ. ಒಬ್ಬ ಹುಡುಗನ ಬೆನ್ನು ಥೇಟ್ ಪರಶುವಿನದೇ. ಬಸ್ಸು ಅವನನ್ನು ಹಿಂದೆ ಹಾಕಿತು. ಅವನ ಮುಖ ನೋಡಬಾರದೆಂದು ನಾನು ಕಣ್ಣು ಮುಚ್ಚಿಕೊಂಡೆ.

ಶಿರೋಳದಲ್ಲಿ ಅವರ ಮನೆಯ ಮುಂದೆ ನಿಂತಾಗ ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಬಾಗಿಲು ತೆರೆದೇ ಇತ್ತು. ಸೀದಾ ಒಳಗೆ ಹೋಗಬಹುದಿತ್ತು. ಆದರೆ ಹಿಂಗೆ ಕದ್ದು ಒಳಗೆ ಹೋದರೆ ಅದು ನೋಡಿ ಹೋಗಲು ಬಂದಂತೆ ಆಗುತ್ತದೆ, ಕರೆಯಲು ಬಂದಂತೆ ಆಗುವುದಿಲ್ಲ. ಇದ್ದ ಉಸಿರೆಲ್ಲ ಕೂಡಿಸಿ ಒದರಿದೆ:

"ಉಮೀ, ಹೊಂಡ! ಜೋಕಾಲಿ ಕಾಯಾಕತ್ತೈತಿ!"

ರೊಟ್ಟಿಯ ಸದ್ದು ನಿಂತಿತು. ಉಮಾ ಓಡಿ ಬಂದು ಹೊಸ್ತಿಲಲ್ಲಿ ನಿಂತಳು. ನನ್ನನ್ನು ನೋಡಿದಳು, ನನ್ನ ಹಿಂದೆ ಬರಿದಾದ ಓಣಿಯನ್ನು ನೋಡಿದಳು. ಹಿಟ್ಟಿನ ಕೈ ಎದೆಗೆ ಹೋಯಿತು. ಹಾಗೇ ಹೊಸ್ತಿಲ ಮೇಲೆ ಕುಸಿದು ಕೂತಳು. ಕಳಕಪ್ಪ ಹೆದರಿದ್ದು ಖರೇ ಆಯಿತೆಂದು ನಾನು ಅವಳ ಹತ್ತಿರ ಓಡಿದೆ. ದ್ಯಾಮಣ್ಣ ಗುಳಿಗೆಗೆ ಓಡಿದ, ರೇಣುಕವ್ವ ನೀರು ತಂದಳು.

"ಯಾಕ ಒದರಿದಿ ಆಯೀ ಅಂವನಂಗ?" ಅಂದಳು ಉಮಾ. "ಯಾಕ ಒದರಿದಿ?"

"ತಪ್ಪಾತ ನನ್ನವ್ವ. ಇನ್ನ ಒದರೂದಿಲ್ಲ."

"ಬ್ಯಾಡ, ಹಂಗನಬ್ಯಾಡ!" ಎಂದು ನನ್ನ ಸೆರಗು ಹಿಡಿದಳು. "ಎರಡ ವರ್ಷ ಆತು, ಯಾರೂ ಅಂವನ ಹೆಸರ ಹೇಳವಲ್ಲಿರಿ. ಫೋನ್ ಮಾಡಿದ್ರ ಎಮ್ಮಿ, ಎಮ್ಮಿ, ಎಮ್ಮಿ. ನನಗೊಬ್ಬಾಕಿಗೇ ಅಣ್ಣ ಇದ್ದನೇನ? ನಿಮಗ್ಯಾರಿಗೂ ಇದ್ದಿದ್ದಿಲ್ಲೇನ?"

ಅವಳು ಅತ್ತಳು. ರೇಣುಕವ್ವ ಅವಳ ಬೆನ್ನು ಸವರುತ್ತ, "ಅಳು, ಅಳು. ಆದ್ರ ಒಲಿ ಮ್ಯಾಲ ರೊಟ್ಟಿ ಹೊತ್ತಾಕತ್ತೈತಿ, ಅದನ್ನ ಮಾತ್ರ ನಾ ನೋಡ್ತೀನಿ" ಎಂದು ಮೂಗು ಒರೆಸಿಕೊಂಡು ಒಳಗೆ ಹೋದಳು. ದ್ಯಾಮಣ್ಣ ಗುಳಿಗೆ ಹಿಡಿದು ನಿಂತೇ ಇದ್ದ. ಸ್ವಲ್ಪ ಹೊತ್ತಿಗೆ ಉಮಾಳ ಉಸಿರು ಹದಕ್ಕೆ ಬಂತು. ಗುಳಿಗೆ ಬೇಡವೆಂದಳು. ಎದ್ದು ಬಾಗಿಲ ಹಿಂದಿನ ಚೀಲ ತೆಗೆದುಕೊಂಡಳು.

ಪುರ್ತಗೇರಿಗೆ ಬಂದಾಗ ಕಳಕಪ್ಪ ಮಗಳ ಮುಖವನ್ನೇ ನೋಡುತ್ತಿದ್ದ, ಒಡೆಯುವ ಗಡಿಗೆ ನೋಡಿದ ಹಾಗೆ. ಕೈಯಿಂದ ಚೀಲ ಕಸಿದುಕೊಂಡ. "ಅಪ್ಪಾ, ಚೀಲಾ ಹೊತ್ತರ ನಾ ಸಾಯೂದಿಲ್ಲ" ಅಂದಳು. ಅವನು ಚೀಲ ಕೊಡಲಿಲ್ಲ. ಹಿತ್ತಲಲ್ಲಿ ಬೇವಿನ ಟೊಂಗೆ ಖಾಲಿ ಇತ್ತು.

ಪಂಚಮಿಯ ದಿನ ಗಿಡದ ಬುಡದಲ್ಲಿ ಹುತ್ತದ ಮಣ್ಣಿನ ನಾಗಪ್ಪನನ್ನು ಇಟ್ಟು ಹಾಲೆರೆದೆವು. ನಮ್ಮಲ್ಲಿ ಹಾಲೆರೆಯುವಾಗ ಮನೆಯವರ ಹೆಸರು ಒಂದೊಂದೇ ಹೇಳಿ ಅವರ ಪಾಲು ಎರೆಯುತ್ತೇವೆ. ಹೋದವರನ್ನೂ ಬಿಡುವುದಿಲ್ಲ. ನನ್ನ ಯಜಮಾನರ ಪಾಲು ಪ್ರತಿ ವರ್ಷ ಎರೆಯುತ್ತೇವೆ. ಉಮಾ ಕೊಬ್ಬರಿ ಬಟ್ಟಲಲ್ಲಿ ಹಾಲು ಹಿಡಿದು ಕೂತಳು.

"ದೇವರ ಪಾಲು. ಗುರುವಿನ ಪಾಲು. ಅಜ್ಜನ ಪಾಲು. ಆಯಿ ಪಾಲು. ಅಪ್ಪನ ಪಾಲು. ಅವ್ವನ ಪಾಲು..."

ಮುಂದಿನ ಹೆಸರು ಯಾವುದೆಂದು ಎಲ್ಲರಿಗೂ ಗೊತ್ತು. ಅವಳ ಕೈಯಲ್ಲಿ ಬಟ್ಟಲು ಬಾಗದೆ ಉಳಿಯಿತು.

"ಸಾಕವಾ, ಏಳು" ಅಂದ ಕಳಕಪ್ಪ.

ಉಮಾ ಏಳಲಿಲ್ಲ. ಬಟ್ಟಲನ್ನು ಅಪ್ಪನ ಕಡೆಗೆ ಚಾಚಿದಳು. "ನೀ ಎರಿ ಅಪ್ಪಾ."

ನಾನು ಕಳಕಪ್ಪನ ಕಡೆ ನೋಡಲಿಲ್ಲ. ಗಿಡದಲ್ಲಿ ಗಿಳಿಗಳು ಕೂಗುತ್ತಿದ್ದವು. ಅವನು ಕೂತ. ಬಟ್ಟಲು ತೆಗೆದುಕೊಂಡ. ಹಾಲು ಮೊದಲು ಬಿತ್ತು, ಮಾತು ಆಮೇಲೆ ಬಂತು.

"ಪರಶುನ ಪಾಲು."

ಸೊಸೆ ಬಾಯಿಗೆ ಸೆರಗು ಹಿಡಿದವಳು ಆ ಸೆರಗನ್ನು ಬಿಟ್ಟಳು. ಎರಡು ವರ್ಷ ಬದುವಿನ ಮೇಲೆ ಕೂತು ಅತ್ತದ್ದನ್ನು ಅವತ್ತು ಗಂಡನ ಮುಂದೆ, ಮಗಳ ಮುಂದೆ ಅತ್ತಳು. ಉಮಾ ಅಟ್ಟ ಹತ್ತಿ ಫೋಟೊ ತಂದಳು. ಅದನ್ನು ಒರೆಸುವಾಗ, "ಇದರಾಗ ಮೀಸಿ ಚಲೋ ಬಂದಿಲ್ಲಂತ ಎಷ್ಟ ಜಗಳಾ ತೆಗದಿದ್ದಾ ಫೋಟೊದಾಂವನ ಕೂಡ" ಎಂದಳು. ಕಳಕಪ್ಪ ಮೂಗಿನಲ್ಲೇ ನಕ್ಕ. ನಗುತ್ತಲೇ ಮುಖ ಆಚೆ ತಿರುಗಿಸಿದ.

ಮಧ್ಯಾಹ್ನ ಜಾವೀದ ಹಗ್ಗ ಹೊತ್ತು ಹಿತ್ತಲಿಗೆ ಬಂದ. ಟೆಂಪೊದಲ್ಲಿ ಚೀಲ ಬಿಗಿಯುವ ಹಗ್ಗ. ಪರಶು ಪ್ರತಿ ವರ್ಷ ಜೋಕಾಲಿಗೆ ಅದನ್ನೇ ಇಸಿದುಕೊಳ್ಳುತ್ತಿದ್ದ. "ಉಮಾ ಬಂದಾಳಂತ ಕೇಳಿದೆ. ಕಟ್ಟಲೇನ ಕಾಕಾ?"

ಕಳಕಪ್ಪ ಮಗಳನ್ನು ನೋಡಿದ. ಉಮಾ ಜಾವೀದನನ್ನು, "ಗಿಡಾ ಹತ್ತತಿಯೋ, ಇಲ್ಲಾ ಅದಕ್ಕೂ ಹಮಾಲಗ ಹೇಳತಿಯೋ?" ಎಂದು ಕೇಳಿದಳು. ಜಾವೀದ ನಗುತ್ತ ತಾಯತ ಮುಟ್ಟಿಕೊಂಡ. "ನನಗೂ ಎದಿ ನೂಸತೈತವಾ ಒಮ್ಮೊಮ್ಮೆ. ಅದ ಜಾಗಾ" ಅಂದ. "ನನಗೂ" ಅಂದಳು ಉಮಾ. ಅವನು ಗಿಡ ಹತ್ತಿ ಹಗ್ಗ ಕಟ್ಟಿದ.

ಉಮಾ ಮೊದಲು ಹಲಗೆಯ ಮೇಲೆ ಕೂತಳು, ಆಮೇಲೆ ಎದ್ದು ನಿಂತಳು. ಕಳಕಪ್ಪನೇ ನೂಕಿದ, ಮೆಲ್ಲಗೆ, ತೊಟ್ಟಿಲು ತೂಗಿದ ಹಾಗೆ. ಎತ್ತರ ಏರುತ್ತಿದ್ದಂತೆ ಅವಳ ಒಂದು ಕೈ ಹಗ್ಗ ಬಿಟ್ಟು ಎದೆಗೆ ಹೋಯಿತು. ಕಳಕಪ್ಪ ಹಲಗೆಯನ್ನು ಗಪ್ಪನೆ ಹಿಡಿದ.

"ನೂಸಾಕತ್ತೈತೇನವಾ?"

"ಹೂಂ, ನೂಸಾಕತ್ತೈತಿ." ಅವಳು ಕೈಯನ್ನು ಮತ್ತೆ ಹಗ್ಗಕ್ಕೆ ತಂದಳು. "ನೂಕ ಅಪ್ಪಾ."

ಅವನು ನನ್ನ ಕಡೆ ನೋಡಿದ. ನಾನೇನು ಹೇಳಲಿ? ಡಾಕ್ಟರ ಮಾತು ನೆನೆದೆ, ಕಾಲಕಾಲೇಶ್ವರನನ್ನೂ ನೆನೆದೆ. ಕಳಕಪ್ಪ ನೂಕಿದ. ಜೋಕಾಲಿ ಮಾಳಿಗೆಯ ಸಮಕ್ಕೆ ಬಂತು, ಮಾಳಿಗೆಯನ್ನೂ ದಾಟಿತು. ಬೇವಿನ ಎಲೆ ಉದುರಿದವು. ಅವಳ ಸೆರಗು ಬಿಚ್ಚಿ ಗಾಳಿಗೆ ಹಾರಿತು.

"ರಸ್ತಾ ಕಾಣತೈತೇನ ಉಮೀ?" ಎಂದು ಕೆಳಗಿನಿಂದ ಕೂಗಿದೆ.

"ಕಾಣತೈತಿ ಆಯೀ."

"ಏನ ಬರಾಕತ್ತೈತಿ?"

ಜೋಕಾಲಿ ಕೆಳಗೆ ಬಂದು ಹೋಯಿತು. ಮತ್ತೆ ಮೇಲೇರಿದಳು. ಕತ್ತು ಎತ್ತಿ, ಸಣ್ಣವಳಿದ್ದಾಗ ನೋಡುತ್ತಿದ್ದ ಹಾಗೇ ನೋಡಿದಳು.

"ಬಸ್ಸ ಬಂತು" ಅಂದಳು.

ಬಸ್ಸು ನಿಂತ ಸದ್ದು ನಮಗೂ ಕೇಳಿಸಿತು. ಯಾರು ಇಳಿದರೆಂದು ನಾವು ಕೇಳಲಿಲ್ಲ. ಅವಳು ಮಾತ್ರ ಅದು ಹೊರಟು ಗುಡ್ಡದ ಮರೆಗೆ ಹೋಗುವವರೆಗೂ ಮೇಲೆ ಹೋದಾಗೊಮ್ಮೆ ಅತ್ತಲೇ ನೋಡುತ್ತಿದ್ದಳು. ಕಳಕಪ್ಪನ ರಟ್ಟೆ ಸೋತಿದ್ದವು. ಆದರೂ ನೂಕುತ್ತಲೇ ಇದ್ದ.